ಹಳೆಯ ವಸ್ತ್ರಗಳ ಆರೈಕೆ ಮತ್ತು ಅಪ್ರಮಾದ

ಅಹಿಂಸೆಯ ವಿಚಾರ ಬಂದಾಗಲೆಲ್ಲ ಆಹಾರದ ಮಾತೇ ಮುಂದೆ ಬರುತ್ತದೆ. ರಾತ್ರಿಭೋಜನ ತ್ಯಾಗ, ಕಂದಮೂಲ ವರ್ಜನೆ, ಸೋಸಿದ ನೀರಿನ ಸೇವನೆ ಇವುಗಳಲ್ಲಿ ಜಾಗರೂಕವಾಗಿರುವ ಕುಟುಂಬವೂ ತನ್ನ ಬಟ್ಟೆಯ ಪೆಟ್ಟಿಗೆಯ ವಿಷಯದಲ್ಲಿ ಅಷ್ಟೇ ಎಚ್ಚರ ವಹಿಸುವುದು ವಿರಳ. ತಲೆಮಾರುಗಳಿಂದ ಬಂದ ರೇಷ್ಮೆಯ ಸೀರೆ, ಉಣ್ಣೆಯ ಶಾಲು, ಕೈಹೊಲಿಗೆಯ ಕೌದಿ, ಬಸದಿಯ ಪರದೆ ಇವುಗಳಿಗೆ ಹುಳು ಹತ್ತಿತೆಂದು ತಿಳಿದ ದಿನ ವಿಷದ ಔಷಧಿಯನ್ನು ತರುವುದು ರೂಢಿ. ವಸ್ತ್ರವನ್ನು ಉಳಿಸಲು ಜೀವವನ್ನು ಕೊಲ್ಲುವುದು ಶ್ರಾವಕನಿಗೆ ತಕ್ಕುದೇ?

ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಸ್ವತ್ತಿನ ರಕ್ಷಣೆಗಾಗಿ ನಡೆಯುವುದರಿಂದ ಇದು ವಿರೋಧೀ ಹಿಂಸೆಯೇ ಹೊರತು ಸಂಕಲ್ಪೀ ಹಿಂಸೆಯಲ್ಲ ಎಂದು ಕೆಲವರು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಆ ಸಮಾಧಾನಕ್ಕೆ ಬೆಲೆಯುಂಟು. ಹುಳು ಶತ್ರುವಾಗಿ ಬಂದುದಲ್ಲ. ಮನುಷ್ಯನು ಬಿಟ್ಟ ಕೊಳೆಯನ್ನು ಅರಸಿ ಬಂದುದು. ಉಣ್ಣೆ, ರೇಷ್ಮೆಗಳನ್ನು ತಿನ್ನುವ ನುಸಿಯ ಮರಿಗೆ ಬೆವರು ಮತ್ತು ಆಹಾರದ ಕಲೆಯಿರುವ ಭಾಗವೇ ಹೆಚ್ಚು ಪ್ರಿಯ. ಬೆಳ್ಳಿಬಣ್ಣದ ಪುಟ್ಟ ಹುಳು ಹತ್ತಿಬಟ್ಟೆಗೆ ಹಚ್ಚಿದ ಗಂಜಿಯನ್ನು ಅರಸಿ ಬರುತ್ತದೆ. ಆದುದರಿಂದ ಕೊಲ್ಲುವ ಸಂದರ್ಭವನ್ನು ಸೃಷ್ಟಿಸಿದ್ದು ಹುಳುವಲ್ಲ, ಪ್ರಮಾದ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿರುವುದು ಇಲ್ಲಿ ಸ್ಮರಣೀಯ. ಅದೇ ಏಳನೆಯ ಅಧ್ಯಾಯದಲ್ಲಿ, ನೋಡದೆ, ಒರೆಸದೆ ಹಾಸಿಗೆಯನ್ನು ಹಾಸುವುದು ಪ್ರೋಷಧೋಪವಾಸ ವ್ರತದ ಅತಿಚಾರಗಳಲ್ಲಿ ಒಂದೆಂದು ಎಣಿಸಲಾಗಿದೆ. ಹಾಸುವ ಬಟ್ಟೆಯನ್ನು ನೋಡುವುದೂ ಧರ್ಮವೇ ಆಯಿತು.

ಈ ನೋಟವು ಆಚರಣೆಯಲ್ಲಿ ಹೇಗಿರಬೇಕು? ಹೊಸಪೇಟೆ, ಸಂಡೂರು ಪ್ರದೇಶದ ಮನೆಗಳಿಗೆ ಕಬ್ಬಿಣದ ಅದಿರಿನ ಕೆಂಪು ಧೂಳಿನ ಪರಿಚಯ ಚೆನ್ನಾಗಿ ಉಂಟು. ಧೂಳು ಕುಳಿತ ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿದರೆ ಅದು ಎಳೆಯೊಳಗೆ ಇಳಿದು ಕಲೆಯಾಗುತ್ತದೆ. ಬ್ಲೀಚಿಂಗ್ ಪುಡಿ ಆ ಕಲೆಯನ್ನು ತೆಗೆಯದು, ಹಳೆಯ ಹತ್ತಿಯ ಎಳೆಯನ್ನು ಮಾತ್ರ ಕುಂದಿಸುತ್ತದೆ. ಒಣಗಿದ್ದಾಗಲೇ ನೆರಳಿನಲ್ಲಿ ಮೆಲ್ಲನೆ ಕೊಡಹಿ, ಮೃದುವಾದ ಕುಂಚದಿಂದ ಒರೆಸುವುದು ಸರಿಯಾದ ಕ್ರಮ. ಕೌದಿಯ ಪದರಗಳಲ್ಲಿ ಜೀವಿಗಳು ಸೇರಿದ್ದರೆ ಈ ಕೊಡಹುವಿಕೆಯಿಂದ ಅವಕ್ಕೂ ಹೊರಗೆ ಹೋಗಲು ಎಡೆ ದೊರೆಯುತ್ತದೆ. ಒಮ್ಮೆಲೇ ಸುಡುಬಿಸಿಲಿಗೆ ಹರವುವುದಾಗಲಿ, ಕುದಿನೀರು ಸುರಿಯುವುದಾಗಲಿ ಸಲ್ಲದು. ಒಗೆಯಲು ಇಮ್ಮಡಿ ಬಟ್ಟೆಯಲ್ಲಿ ಸೋಸಿದ ನೀರೂ ಅಂಟುವಾಳದ ನೊರೆಯೂ ಸಾಕು. ಕಂಪ್ಲಿಯಂತಹ ನದೀತೀರದ ಊರುಗಳಲ್ಲಿ ತುಂಗಭದ್ರೆಯೊಳಗೆ ಸೋಪು, ಸೋಡಾಗಳನ್ನು ಕದಡದೆ, ನೀರನ್ನು ಮೇಲೆ ತಂದು ಒಗೆದು ದೂರದ ಒಣನೆಲದಲ್ಲಿ ಚೆಲ್ಲುವುದು ಲೇಸು. ಗಂಜಿಯನ್ನು ತೆಗೆದು, ಪೂರ್ಣವಾಗಿ ಒಣಗಿಸಿ, ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಒಣ ಬೇವಿನೆಲೆ ಅಥವಾ ಬಜೆಯ ಬೇರಿನ ಗಂಟನ್ನು ಜೊತೆಗಿಡಬೇಕು. ಕೆಲವು ತಿಂಗಳಿಗೊಮ್ಮೆ ತೆರೆದು ಮಡಿಕೆಯನ್ನು ಬದಲಾಯಿಸಿದರೆ ರೇಷ್ಮೆಯೂ ಜರಿಯೂ ಒಂದೇ ಗೆರೆಯಲ್ಲಿ ಸೀಳುವುದಿಲ್ಲ.

ಇಷ್ಟು ಆರೈಕೆ ಪರಿಗ್ರಹವಾಗದೇ ಎಂಬ ಶಂಕೆ ಸಹಜ. ಹಂಪೆಯ ಬಳಿ ಕಮಲಾಪುರ–ಕಂಪ್ಲಿ ರಸ್ತೆಯಲ್ಲಿ ಇರುಗಪ್ಪ ದಂಡನಾಯಕನು ಕ್ರಿ.ಶ. 1385ರಲ್ಲಿ ಕಟ್ಟಿಸಿದ ಕುಂಥು ಜಿನನಾಥ ಚೈತ್ಯಾಲಯ, ಜನರು ಗಾಣಗಿತ್ತಿ ದೇವಾಲಯವೆನ್ನುವುದು, ಇಂದು ಪೂಜೆಯಿಲ್ಲದೆ ನಿಂತಿದೆ. ಕಲ್ಲಿನ ಗತಿಯೇ ಹೀಗಿರುವಾಗ ನೂಲಿನ ಬಟ್ಟೆ ಶಾಶ್ವತವಾದೀತೆಂಬ ಭ್ರಮೆ ಬೇಡ. ಆರೈಕೆಯ ಉದ್ದೇಶ ಅದಲ್ಲ. ಅಜ್ಜಿಯ ರೇಷ್ಮೆಸೀರೆಗಾಗಿ ಎಷ್ಟೋ ಹುಳುಗಳು ಗೂಡಿನೊಳಗೇ ಬೆಂದಿವೆ. ಅದನ್ನು ಎಸೆದರೆ ಅವು ಮರಳಿ ಬರುವುದಿಲ್ಲ. ಅದರ ಬದಲಿಗೆ ಹೊಸದನ್ನು ಕೊಂಡರೆ ಮತ್ತಷ್ಟು ಜೀವಗಳ ಹಿಂಸೆಗೆ ಅನುಮೋದನೆ ಕೊಟ್ಟಂತಾಗುತ್ತದೆ. ಇರುವುದನ್ನು ಕಾಪಾಡಿ, ಹೊಸ ರೇಷ್ಮೆಯ ಆಸೆಯನ್ನು ಬಿಡುವುದೇ ಇಲ್ಲಿ ಪರಿಗ್ರಹಪರಿಮಾಣ. ಹರಿದ ಸೀರೆಗಳನ್ನು ಕೌದಿಯಾಗಿ ಹೊಲಿಯುವ ಉತ್ತರ ಕರ್ನಾಟಕದ ಹೆಣ್ಣುಮಕ್ಕಳೂ, ಬಟ್ಟೆಯ ತುಂಡುಗಳನ್ನು ಕಸೂತಿಯಿಂದ ಕೂಡಿಸುವ ಸಂಡೂರಿನ ಲಂಬಾಣಿ ಮಹಿಳೆಯರೂ ಈ ಮಿತವ್ಯಯವನ್ನು ಕೈಯಲ್ಲೇ ಬಲ್ಲವರು. ಬಳಸದೆ ಪೆಟ್ಟಿಗೆಯಲ್ಲಿ ಕೂಡಿಟ್ಟ ಹೊದಿಕೆ ಮಾತ್ರ ನಿಜವಾದ ಪರಿಗ್ರಹ. ಚಳಿಯಲ್ಲಿರುವವನಿಗೆ ಅದನ್ನು ಕೊಡುವುದೇ ಅದಕ್ಕೆ ಉತ್ತಮ ಆರೈಕೆ.

ಬಸದಿಗಳ ಟ್ರಸ್ಟುಗಳಿಗೂ ಇದು ಅನ್ವಯಿಸುತ್ತದೆ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳ ಧೂಳನ್ನು ಒರೆಸಿ, ಅವುಗಳ ವೇಷ್ಟನವನ್ನು ಬದಲಿಸುವ ಪದ್ಧತಿಯುಂಟು. ಅದೇ ದಿನ ಪರದೆ, ಮೇಲ್ಕಟ್ಟು, ಹಾಸುಗಳನ್ನೂ ಹೊರತೆಗೆದು ಪರೀಕ್ಷಿಸುವ ನಿಯಮವನ್ನು ಮಾಡಿಕೊಂಡರೆ ವಿಷದ ಔಷಧಿಗೆ ಹಣ ವ್ಯಯಿಸುವ ಪ್ರಸಂಗವೇ ಕಡಿಮೆಯಾದೀತು. ಮನೆಗಳಲ್ಲಿ ಈ ಕೆಲಸದ ಹೊರೆಯೆಲ್ಲ ಸ್ತ್ರೀಯರ ಮೇಲೆಯೇ ಬೀಳುವುದೂ ಉಚಿತವಲ್ಲ. ಪ್ರಮಾದವು ಮನೆಯವರೆಲ್ಲರದಾದರೆ ಅಪ್ರಮಾದವೂ ಎಲ್ಲರದಾಗಬೇಕು. ಹುಳು ಬರುವ ಮುನ್ನ ಪೆಟ್ಟಿಗೆಯನ್ನು ತೆರೆದು ನೋಡುವವನಿಗೆ ಕೊಲ್ಲಬೇಕೇ ಬೇಡವೇ ಎಂಬ ಪ್ರಶ್ನೆ ಎದುರಾಗುವುದೇ ಅಪರೂಪ.