ಒಂದೇ ಗಾಳಿಯ ಎರಡು ಕಡಲು

ಆಷಾಢದ ಮಳೆ ಮುಂಬಯಿ ಬಳಿಯ ಡೊಂಬಿವಲಿಯ ಮೇಲೆ ಬಿಡುವಿಲ್ಲದೆ ಸುರಿಯುವ ಈ ದಿನಗಳಲ್ಲಿ, ಲೋಕಲ್ ರೈಲಿನ ಸದ್ದೂ ನೀರಿನ ಸದ್ದೂ ಒಂದರೊಳಗೊಂದು ಕರಗಿಹೋಗುವ ಸಂಜೆಗಳಲ್ಲಿ, ನಮ್ಮ ಮನೆಯ ಊಟದ ಮೇಜಿನ ಮೇಲೆ ಏಜಿಯನ್ ಕಡಲು ಹರಡಿಕೊಂಡಿರುತ್ತದೆ. ಹಾಯಿದೋಣಿ ನಡೆಸಲು ಕಲಿತ ಮಗಳು ಗ್ರೀಸಿನ ಸೈಕ್ಲಡೀಸ್ ದ್ವೀಪಗಳನ್ನು ಸುತ್ತಿಬರುವ ಯೋಜನೆ ಹಾಕುತ್ತಿದ್ದಾಳೆ. ಅವಳ ಪೆನ್ಸಿಲಿನ ಗೆರೆ ಅಥೆನ್ಸಿನ ಹತ್ತಿರದ ಲಾವ್ರಿಯೊ ಬಂದರಿನಿಂದ ಹೊರಟು ಕೇಯಾ, ಕಿಥ್ನೊಸ್, ಸೀರೊಸ್ ಎಂದು ನಡುಗಡ್ಡೆಯಿಂದ ನಡುಗಡ್ಡೆಗೆ ದಾಟುತ್ತದೆ, ಅಳಿಸಿಹೋಗುತ್ತದೆ, ಮತ್ತೆ ಮೂಡುತ್ತದೆ.

ಯೋಜನೆಯೆಂದರೆ ಬಹುಪಾಲು ಗಾಳಿಯದೇ ಲೆಕ್ಕ. ಬೇಸಿಗೆಯಲ್ಲಿ ಆ ದ್ವೀಪಗಳ ಮೇಲೆ ಬೀಸುವುದು ಮೆಲ್ಟೆಮಿ ಎಂಬ ಬಡಗಣ ಗಾಳಿ. ಮೋಡದ ಚೂರೂ ಇಲ್ಲದ ಬಾನು, ಉಪ್ಪಿನ ಹರಳಿನಂತೆ ಮಿನುಗುವ ಬಿಸಿಲು, ಆ ಬೆಳಕಿನ ನಡುವೆಯೇ ಜುಲೈ, ಆಗಸ್ಟುಗಳಲ್ಲಿ ದಿನಗಟ್ಟಲೆ ಮೊರೆಯುತ್ತ ಅದು ಎಷ್ಟೋ ದೋಣಿಗಳನ್ನು ಬಂದರಿನಲ್ಲೇ ತಡೆದು ನಿಲ್ಲಿಸುತ್ತದೆಯಂತೆ. "ಅಪ್ಪಾ, ಮೆಲ್ಟೆಮಿ ಜೋರಿದ್ರೆ ಹೊರಡೋದೇ ಬೇಡ, ಸುಮ್ಮನೆ ಕಾಯೋದು" ಎನ್ನುತ್ತಾಳೆ ಮಗಳು. ಆ ಗಾಳಿ ಎಲ್ಲಿಂದ ಬರುತ್ತದೆಂದು ಓದುತ್ತ ಹೋದಾಗ ನಾನು ಬಂದು ನಿಂತದ್ದು ನಮ್ಮದೇ ಕಿಟಕಿಯ ಮುಂದೆ. ಮುಂಗಾರಿನ ಹೊತ್ತಿಗೆ ನಮ್ಮ ಉಪಖಂಡದ ಮೇಲೆ ಹರಡುವ ಕಡಿಮೆ ಒತ್ತಡದ ತಗ್ಗು ಇರಾನನ್ನು ದಾಟಿ ತುರ್ಕಿಯವರೆಗೂ ಚಾಚಿಕೊಳ್ಳುತ್ತದೆ. ಬಾಲ್ಕನ್ ನಾಡುಗಳ ಮೇಲಿನ ಭಾರದ ಗಾಳಿ ಆ ತಗ್ಗಿನತ್ತ ಹರಿಯುವಾಗ ಏಜಿಯನ್ನಿನಲ್ಲಿ ಮೆಲ್ಟೆಮಿಯಾಗುತ್ತದೆ. ಇಲ್ಲಿ ಆವಿ ಮಳೆಯಾಗುವಾಗ ಹೊಮ್ಮುವ ಕಾವು ವಾಯುಮಂಡಲವನ್ನು ಅದೆಷ್ಟು ದೂರದವರೆಗೆ ಕದಲಿಸುತ್ತದೆಂದರೆ, ಪೂರ್ವ ಮೆಡಿಟರೇನಿಯನ್ನಿನ ಮೇಲೆ ಗಾಳಿ ಕೆಳಗಿಳಿಯುತ್ತದೆ, ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ಎಂಬ ವಿಜ್ಞಾನಿಗಳು 1996ರಲ್ಲಿ ಇದನ್ನು ವಿವರಿಸಿದರು.

ಅಂದರೆ ನಮ್ಮ ಬಾಲ್ಕನಿಯ ತುಳಸಿಯ ಮೇಲೆ ಬೀಳುವ ಈ ಹನಿಗಳಿಗೂ, ನಕ್ಸೊಸ್ ದ್ವೀಪದ ಸುಣ್ಣ ಬಳಿದ ಗೋಡೆಗಳ ಮೇಲಿನ ಒಣ ನೀಲಿಗೂ ನಂಟಿದೆ. ಇಲ್ಲಿ ನಾವು ಕೊಡೆ ಬಿಚ್ಚುವಾಗ ಅಲ್ಲಿ ಯಾರೋ ಹಾಯಿ ಇಳಿಸುತ್ತಾರೆ. ಇದನ್ನು ತಿಳಿದ ಮೇಲೆ ಮಳೆಯ ಸದ್ದನ್ನು ಮೊದಲಿನಂತೆ ಕೇಳುವುದು ನನ್ನಿಂದ ಆಗುತ್ತಿಲ್ಲ. ಕೇಳುತ್ತ ಕೇಳುತ್ತ ಕೈಯಲ್ಲಿನ ಕಾಫಿ ಆರಿಹೋಗುತ್ತದೆ.

ಮಳೆ ಕೊಂಚ ಬಿಟ್ಟರೆ ಮೋಠಾಗಾಂವಿನ ಖಾಡಿಯ ದಂಡೆಗೆ ಹೋಗಿ ನಿಲ್ಲುತ್ತೇನೆ. ಉಲ್ಹಾಸ್ ನದಿ ಕಲ್ಯಾಣವನ್ನು ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ನದಿ, ಅರ್ಧ ಕಡಲು. ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ಏಡಿಗಳ ಸಣ್ಣ ಬಿಲಗಳು, ನಡುನೀರಿನಲ್ಲಿ ತೇಲುತ್ತ ಮೇಲಕ್ಕೆ ಹೋಗುತ್ತಿರುವ ಅಂತರಗಂಗೆಯ ಹಸಿರು ಹಿಂಡು, ಅದರ ಮೇಲೆ ಕೂತ ಒಂದು ಬೆಳ್ಳಕ್ಕಿ. ನೋಡುತ್ತಿರುವಂತೆಯೇ ಆ ಹಿಂಡು ನಿಧಾನಿಸುತ್ತದೆ, ನಿಲ್ಲುತ್ತದೆ, ಎತ್ತಲೂ ಹೋಗದ ಒಂದು ಗಳಿಗೆ ಹಾಗೇ ಇರುತ್ತದೆ, ಆಮೇಲೆ ಯಾರೂ ತಳ್ಳದೆಯೇ ಠಾಣೆಯ ಕಡೆಗೆ ಹೊರಳುತ್ತದೆ. ಇಳಿತ ಶುರುವಾಯಿತು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬಯಿಯ ಕಡಲು 4 ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ಏಜಿಯನ್ನಿನಲ್ಲಿ ಈ ಉಸಿರಾಟ ಬಹುಪಾಲು ಕಡೆ ಹೆಚ್ಚೆಂದರೆ ಒಂದು ಗೇಣು.

ದೊಡ್ಡ ಉಬ್ಬರವನ್ನೇ ಕಾಣದ ಆ ಕಡಲಿನ ಮಂದಿ ಒಂದು ಕಾಲದಲ್ಲಿ ಈ ಖಾಡಿಗೆ ಬಂದಿದ್ದರು. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಅವರ ದಾರಿಯನ್ನು ಬರೆದಿಟ್ಟಿದ್ದಾನೆ: ಇಂದು ಮೆಲ್ಟೆಮಿ ಎನಿಸಿದ ಅದೇ ಬಡಗಣ ಗಾಳಿ ದೋಣಿಗಳನ್ನು ನೈಲ್ ನದಿಯ ಮೇಲಕ್ಕೆ ನೂಕಿ 12 ದಿನಗಳಲ್ಲಿ ಕಾಪ್ಟೊಸ್ ಮುಟ್ಟಿಸುತ್ತಿತ್ತು, ಅಲ್ಲಿಂದ ಮರುಭೂಮಿಯಲ್ಲಿ ಒಂಟೆಗಳ ಮೇಲೆ ಕೆಂಪು ಸಮುದ್ರದ ಬೆರೆನಿಕೆಗೆ, ಮುಂದೆ ಭಾರತದವರೆಗೆ ನಮ್ಮ ಮುಂಗಾರು ಗಾಳಿಯ ಬೆನ್ನೇರಿ. ಒಂದು ಗಾಳಿ ಇನ್ನೊಂದರ ಕೈಗೆ ಅವರನ್ನು ಒಪ್ಪಿಸುತ್ತಿತ್ತು, ಎರಡೂ ಒಂದೇ ತಾಯಿಯ ಮಕ್ಕಳೆಂದು ತಿಳಿಯದ ಆ ನಾವಿಕರನ್ನು. ಅದೇ ಶತಮಾನದ, ಹೆಸರು ಉಳಿಯದ ಗ್ರೀಕ್ ವರ್ತಕನೊಬ್ಬ ಎರಿಥ್ರಿಯನ್ ಸಮುದ್ರದ ಕೈಪಿಡಿಯಲ್ಲಿ ನಮ್ಮ ಕಲ್ಯಾಣವನ್ನು ಕಲ್ಲಿಯೆನ ಎಂದು ಕರೆದಿದ್ದಾನೆ. ಹಿಂದೆ ಅದು ವ್ಯಾಪಾರಕ್ಕೆ ತೆರೆದ ಪಟ್ಟಣವಾಗಿತ್ತು, ಈಗ ಗ್ರೀಕ್ ಹಡಗು ಅಪ್ಪಿತಪ್ಪಿ ಬಂದರೆ ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಾರೆ ಎಂಬ ಎಚ್ಚರಿಕೆಯ ಮಾತೂ ಅದರಲ್ಲಿದೆ. ಭರೂಚಿನ ಹತ್ತಿರ ಉಬ್ಬರದ ನೀರು ದೂರದ ಸೈನ್ಯದ ಗದ್ದಲದಂತೆ ನುಗ್ಗಿಬರುವುದನ್ನು ಅವನು ಬಣ್ಣಿಸುವಾಗ ಲೆಕ್ಕಾಚಾರದ ವರ್ತಕನೂ ಬೆರಗಾಗಿ ನಿಂತಂತಿದೆ. ಅವನ ಆ ಬೆರಗು ನನಗೆ ಅವನ ಸರಕಿನ ಪಟ್ಟಿಗಿಂತ ಬೆಲೆಯುಳ್ಳದ್ದು. ಕೊಲ್ಹಾಪುರದ ಬ್ರಹ್ಮಪುರಿಯ ಮಣ್ಣಿನಿಂದೆದ್ದ ಅಂಗೈಯಷ್ಟು ಚಿಕ್ಕ ಕಂಚಿನ ಪೊಸೈಡನ್, ಗ್ರೀಕರ ಕಡಲ ದೇವರು, ಘಟ್ಟದ ಮೇಲಕ್ಕೆ ಯಾರ ಗಂಟಿನಲ್ಲಿ ಕೂತು ಹೋದನೋ!

ಮಗಳೊಂದಿಗೆ ನಾನೂ ಹೊರಡುವುದು ಸೆಪ್ಟೆಂಬರಿನ ಕೊನೆಗೆ ಎಂದಾಗಿದೆ. ಅಷ್ಟರಲ್ಲಿ ಇಲ್ಲಿ ಉತ್ತರೆ ಮಳೆ ಮುಗಿಯುತ್ತದೆ, ಅಲ್ಲಿ ಮೆಲ್ಟೆಮಿ ಸಡಿಲುತ್ತದೆ. ಮಗಳ ಗೆರೆ ಈಗ ಡೆಲೊಸ್‌ವರೆಗೆ ಬಂದಿದೆ. ಅಪೊಲೊ ಹುಟ್ಟಿದನೆಂದು ಗ್ರೀಕರು ನಂಬಿದ ಆ ಪುಟ್ಟ ದ್ವೀಪದಲ್ಲಿ ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಗೋರಿಗಳನ್ನೆಲ್ಲ ತೆರವು ಮಾಡಿ, ಇನ್ನು ಈ ನೆಲದಲ್ಲಿ ಯಾರೂ ಹುಟ್ಟಕೂಡದು, ಯಾರೂ ಸಾಯಕೂಡದು ಎಂದು ವಿಧಿಸಿದರು. ಬಸುರಿಯರೂ ಸಾವಿನ ಹತ್ತಿರದವರೂ ಎದುರಿನ ರಿನಿಯಾ ದ್ವೀಪಕ್ಕೆ ದಾಟಬೇಕಿತ್ತು. ಇಂದಿಗೂ ಡೆಲೊಸಿನಲ್ಲಿ ಪ್ರವಾಸಿಗರು ರಾತ್ರಿ ತಂಗುವಂತಿಲ್ಲ. ನಾನು ಅಲ್ಲಿಗೆ ಎರಡು ಹಗಲು ಕೇಳಿದ್ದೇನೆ. ನಡುವಿನ ರಾತ್ರಿ ರಿನಿಯಾದ ತೆಂಕಣ ಕೊಲ್ಲಿಯಲ್ಲಿ ಲಂಗರು ಹಾಕಬಹುದು ಎಂದಿದ್ದಾಳೆ ಮಗಳು, ಬಡಗಣ ಗಾಳಿ ಅತಿಯಾಗದಿದ್ದರೆ.