ದೊರೆತದ್ದು ಯಾರದು?

ಕೋಲಾರ ಸೀಮೆಯವರಾದ ನಮಗೆ ನೆಲದಲ್ಲಿ ಹೊನ್ನಿರುವುದು ಹೊಸ ಮಾತಲ್ಲ; 1880ರ ದಶಕದಿಂದ 2001ರಲ್ಲಿ ಮುಚ್ಚುವವರೆಗೂ ಇಲ್ಲಿಯ ಗಣಿಗಳು ಅದನ್ನು ಕೊಟ್ಟವು. ಇಂದು ಕೆಲವರು ಲೋಹಶೋಧಕ ಯಂತ್ರ ಹಿಡಿದು ಸಮುದ್ರತೀರದ ಮರಳಿನಲ್ಲಿ ನಾಣ್ಯ, ಆಭರಣಗಳನ್ನು ಅರಸುತ್ತಾರೆ. ನಮಗೆ ಸಮುದ್ರವಿಲ್ಲ, ತೀರ್ಥಗಳಿವೆ. ಶ್ರೀಪಾದರಾಜರ ಆರಾಧನೆಗೆ ಮುಳಬಾಗಿಲಿನ ನರಸಿಂಹತೀರ್ಥಕ್ಕೆ ಬಂದ ಸುವಾಸಿನಿಯೊಬ್ಬಳ ಉಂಗುರ ನೀರಿಗೆ ಜಾರಿತೆನ್ನೋಣ. ಮುಂದೆಂದೋ ಹೂಳೆತ್ತುವಾಗ ಅದು ನಮ್ಮ ಕೈಗೆ ಬಂದರೆ?

“ಸರ್ವವೂ ಶ್ರೀಹರಿಯದು, ಅವನೇ ನಮಗೆ ಕೊಟ್ಟನು” ಎಂದು ಮನಸ್ಸು ಹೇಳೀತು. ಇದರ ಪೂರ್ವಾರ್ಧ ತತ್ತ್ವ, ಉತ್ತರಾರ್ಧ ಲೋಭ. ಸರ್ವವೂ ಅವನದಾದರೆ ನಾವು ಒಡೆಯರಾಗುವುದೆಂತು? ಶ್ರೀಮದಾಚಾರ್ಯರು ಜಗತ್ತು ಸತ್ಯವೆಂದೂ ಜೀವಜೀವರ ಭೇದ ಸತ್ಯವೆಂದೂ ಸಾರಿದರು. ಆದುದರಿಂದ ಕಳೆದುಕೊಂಡವಳು ಬೇರೆ, ನಾವು ಬೇರೆ. ಅವಳ ದುಃಖವೂ ಮಿಥ್ಯೆಯಲ್ಲ. ಗಣಿಯ ಅದಿರನ್ನು ಕಳೆದುಕೊಂಡು ಅತ್ತವರಿಲ್ಲ. ಈ ಉಂಗುರಕ್ಕಾಗಿ ಒಬ್ಬಳು ಅತ್ತಿದ್ದಾಳೆ.

ಒಡೆಯರೇ ತಿಳಿಯದ ಪುರಾತನ ನಿಧಿಯನ್ನೂ ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾಯಿದೆ. ಹಾಗಿರಲು ಒಡೆಯರು ಬದುಕಿರಬಹುದಾದ ವಸ್ತುವಿನ ಮಾತೇನು? ದೊರಕಿಸಿಕೊಂಡವನು ನ್ಯಾಸ ಕಾಯುವವನು ಮಾತ್ರ. ಹುಡುಕುವುದು ದೋಷವಲ್ಲ, ವಸ್ತುವನ್ನು ಹುಡುಕಿದಷ್ಟೇ ಶ್ರಮದಿಂದ ಅದರ ಒಡೆಯರನ್ನೂ ಹುಡುಕಬೇಕು. ಆ ಶ್ರಮವೇ ಶ್ರೀಹರಿಗೆ ಸಲ್ಲುವ ಪೂಜೆ.

ಶ್ರೀಕೃಷ್ಣಾರ್ಪಣಮಸ್ತು.