ಮನಸ್ಸು ಮಾಡಿದ್ರೆ ಆಗುತ್ತಾ?

"ಮನಸ್ಸು ಮಾಡಿದ್ರೆ ಯಾಕಾಗಲ್ಲ?" ನಮ್ಮ ಕಡೆ ಲಕ್ವ ಹೊಡೆದವರನ್ನು ನೋಡೋಕೆ ಬಂದವರು ಕಿತ್ತಳೆ ಹಣ್ಣಿನ ಜೊತೆ ತರುವ ಮಾತು ಇದು. ಧೈರ್ಯ ತುಂಬೋಕೆ ಹೇಳ್ತಾರೆ, ನಿಜ. ಆದರೆ ಅದರೊಳಗೆ ಒಂದು ಆರೋಪವೂ ಇದೆ: ಆಗದಿದ್ದರೆ ನೀನು ಮನಸ್ಸು ಮಾಡಿಲ್ಲ ಅಂತಲೇ ಅರ್ಥ.

ಈ ಆರೋಪ ಜೋರಾಗುವುದು ಕೈ ಬಿಗಿಯೋಕೆ ಶುರುವಾದಾಗ. ಸ್ಟ್ರೋಕ್ ಆದ ಹೊಸದರಲ್ಲಿ ಕೈಕಾಲು ಸಾಮಾನ್ಯವಾಗಿ ಜೋತು ಬಿದ್ದಿರುತ್ತೆ. ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೆಲವರಿಗೆ ಮೊಣಕೈ ಮಡಚಿಕೊಳ್ಳುತ್ತೆ, ಬೆರಳು ಮುಷ್ಟಿ ಕಟ್ಟುತ್ತೆ. ವೈದ್ಯರು ಇದನ್ನು ಸ್ಪಾಸ್ಟಿಸಿಟಿ ಅಂತಾರೆ. ಎಳೆದಾಗ ಸೆಟೆದುಕೊಳ್ಳುವುದು ಸ್ನಾಯುವಿನ ಸಹಜ ಗುಣ. ಅದನ್ನು ಹದದಲ್ಲಿ ಇಡುವುದು ಮೆದುಳಿನಿಂದ ಬೆನ್ನುಹುರಿಗೆ ಇಳಿದು ಬರುವ ಸಂದೇಶಗಳು. ಸ್ಟ್ರೋಕ್ ಆ ದಾರಿಯನ್ನು ಕೆಡಿಸಿದಾಗ ಕಡಿವಾಣ ತಪ್ಪುತ್ತೆ. ಆಗ ಕೈಯನ್ನು ಎಷ್ಟು ಬೇಗ ಎಳೀತೀವೋ ಅಷ್ಟು ಜೋರಾಗಿ ಅದು ತಡೆಯುತ್ತೆ. ನೋಡೋರಿಗೆ ಥೇಟ್ ಹಠದ ಹಾಗೇ ಕಾಣುತ್ತೆ.

ನಮ್ಮ ದೊಡ್ಡಪ್ಪನ ವಿಷಯದಲ್ಲಿ ಜನಕ್ಕೆ ಇನ್ನೊಂದು ಸಾಕ್ಷಿಯೂ ಸಿಕ್ಕಿತ್ತು. ಅವರು ಆಕಳಿಸುವಾಗ ಬಿದ್ದುಹೋದ ಎಡಗೈ ತಾನಾಗೇ ಮೇಲೇಳ್ತಿತ್ತು. "ನೋಡಿ, ಬೇಕು ಅಂದಾಗ ಎತ್ತುತ್ತಾರೆ" ಅಂತ ಆಡಿಕೊಂಡರು. ಆಮೇಲಾಮೇಲೆ ದೊಡ್ಡಪ್ಪ ಆಕಳಿಕೆ ಬಂದರೆ ಬಲಗೈಯಿಂದ ಎಡಗೈಯನ್ನು ತೊಡೆಗೆ ಒತ್ತಿ ಹಿಡಿಯೋರು. ಆಕಳಿಕೆ ಜೊತೆ ಲಕ್ವದ ಕೈ ಏಳುವುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಅದು ನಮ್ಮ ಇಚ್ಛೆಯಿಂದ ಆಗುವ ಚಲನೆಯಲ್ಲ. ಇತ್ತ ದೊಡ್ಡಮ್ಮ ದಿನಾ ಮುಷ್ಟಿ ಬಿಡಿಸಿ, ಅಂಗೈ ತೊಳೆದು, ಉಗುರು ಚುಚ್ಚದ ಹಾಗೆ ಕತ್ತರಿಸೋರು. ಅವರಿಗೆ ಸಿಕ್ಕಿದ್ದು "ಸರಿಯಾಗಿ ಎಣ್ಣೆ ತಿಕ್ಕಿದ್ರೆ ಹಿಂಗಾಗ್ತಿರಲಿಲ್ಲ" ಅನ್ನೋ ಮಾತು.

ಹಾಗಾದರೆ ಇದು ಯಾರಿಗೆ ಬರುತ್ತೆ? ಸ್ಟ್ರೋಕ್ ಆದ ನಾಲ್ವರಲ್ಲಿ ಸುಮಾರು ಒಬ್ಬರಿಗೆ. ಶುರುವಿನಲ್ಲೇ ಕೈಕಾಲಿನ ಬಲ ತುಂಬಾ ಕುಂದಿದ್ದರೆ, ಮುಟ್ಟಿದ್ದು ಗೊತ್ತಾಗದಿದ್ದರೆ, ಮೆದುಳಲ್ಲಿ ರಕ್ತಸ್ರಾವ ಆಗಿದ್ದರೆ ಸಂಭವ ಹೆಚ್ಚು. ವಯಸ್ಸು ಚಿಕ್ಕದಿದ್ದವರಲ್ಲಿ ಇದು ಹೆಚ್ಚು ಕಾಣುತ್ತೆ. ಈ ಪಟ್ಟಿಯಲ್ಲಿ ಸೋಮಾರಿತನ ಇಲ್ಲ. ಹೆಂಡತಿ ಎಣ್ಣೆ ತಿಕ್ಕಿದ್ದು ಸಾಲದು ಅನ್ನೋದೂ ಇಲ್ಲ.

ಯಾರ ತಪ್ಪೂ ಅಲ್ಲ ಅಂದಮೇಲೆ ಹಣೆಬರಹ ಅಂತ ಸುಮ್ಮನಾಗೋದಾ? ನಮ್ಮೂರಲ್ಲಿ ಹಠ ಅನ್ನೋ ವಾದ ಸೋತ ಮೇಲೆ ಬರೋದು ಹಣೆಬರಹವೇ. ಅದೂ ಸರಿಯಲ್ಲ. ನಿಧಾನಕ್ಕೆ ಚಾಚಿಸುವ ವ್ಯಾಯಾಮ, ಕೈಯನ್ನು ಸರಿಯಾದ ಭಂಗಿಯಲ್ಲಿ ಇಡೋದು, ಬ್ಯಾಕ್ಲೋಫೆನ್‌ನಂಥ ಮಾತ್ರೆ, ಸುಮಾರು 3 ತಿಂಗಳು ಕೆಲಸ ಮಾಡುವ ಬೊಟಾಕ್ಸ್ ಇಂಜೆಕ್ಷನ್, ಹೀಗೆ ದಾರಿಗಳಿವೆ. ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು ಬಿಗಿತವನ್ನು ಹೆಚ್ಚಿಸುತ್ತವೆ. ಅವನ್ನು ವಾಸಿ ಮಾಡಿದರೆ ಬಿಗಿತವೂ ಇಳಿಯಬಹುದು. ಏನೂ ಮಾಡದೆ ಬಿಟ್ಟರೆ ಸ್ನಾಯುವೇ ಮೊಟಕಾಗುತ್ತೆ. ಆಮೇಲೆ ಯಾವ ಮಾತ್ರೆಯೂ ಅದನ್ನು ಸಡಿಲಿಸಲ್ಲ.

ತಪ್ಪು ಯಾರದ್ದು ಅನ್ನೋದು ಒಂದು ಪ್ರಶ್ನೆ, ಹೊಣೆ ಯಾರದ್ದು ಅನ್ನೋದು ಬೇರೆ ಪ್ರಶ್ನೆ. ನಾವು ಎರಡನ್ನೂ ಕಲಸಿಬಿಡ್ತೀವಿ. ಸಾಫ್ಟ್‌ವೇರ್ ಕೆಲಸದಲ್ಲಿ ಯಾವ ಸರ್ವರ್ ಕೈಕೊಡುವ ಸಂಭವ ಹೆಚ್ಚೋ ಅದರ ಮೇಲೆ ಹೆಚ್ಚು ಕಣ್ಣಿಡ್ತೀವಿ, ಅದನ್ನು ಬೈಯುತ್ತಾ ಕೂರಲ್ಲ. ರೋಗಿಯ ಪ್ರಯತ್ನ ಬೇಕೇ ಬೇಕು, ವ್ಯಾಯಾಮ ಅವರೇ ಮಾಡಬೇಕು. ಆದರೆ ಎಷ್ಟು ಪ್ರಯತ್ನಪಟ್ಟರು ಅನ್ನೋದನ್ನ ಕೈ ಎಷ್ಟು ಬಿಚ್ಚಿತು ಅನ್ನೋದರಿಂದ ಅಳೆಯೋದು ಅನ್ಯಾಯ.

ಬಿಗಿತ ಎಷ್ಟೋ ಸಲ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳುತ್ತೆ. ಅಷ್ಟೊತ್ತಿಗೆ ನೋಡೋಕೆ ಡಾಕ್ಟರ್ ಇರಲ್ಲ, ನಾವಿರ್ತೀವಿ. ಹಾಗಾಗಿ ಡಿಸ್ಚಾರ್ಜ್ ದಿನವೇ "ಇವರಿಗೆ ಕೈ ಬಿಗಿಯುವ ಸಂಭವ ಎಷ್ಟಿದೆ, ಮತ್ತೆ ಯಾವಾಗ ತೋರಿಸಬೇಕು?" ಅಂತ ಕೇಳೋದು ಮನೆಯವರ ಹಕ್ಕು, ಕೇಳದಿದ್ದರೂ ಹೇಳೋದು ಆಸ್ಪತ್ರೆಯ ಹೊಣೆ. ಇನ್ನು ನೋಡೋಕೆ ಹೋಗುವ ನಮ್ಮಂಥವರ ಪಾಲಿಗೂ ಒಂದಿಷ್ಟು ಇದೆ. ಉಪದೇಶ ಪಕ್ಕಕ್ಕಿಟ್ಟು, "ಕೈ ಮೊದಲಿಗಿಂತ ಬಿಗಿಯಾಗ್ತಿದೆಯಾ? ಆಸ್ಪತ್ರೆಗೆ ಹೋಗೋಕೆ ನಾನು ಗಾಡಿ ತರಲಾ?" ಅಂತ ಕೇಳಬಹುದು.